ಬ್ಲ್ಯಾಕ್ ಮೆಟಲ್ಲಿಗೆ ಮೆಣಸಿನಕಾಯಿ ಹೊಗಿ

ಖಾನಾಪುರದಾಗ ಬಂದ್ ಬಿದ್ದ ಹಂಚಿನ ಫ್ಯಾಕ್ಟರಿಗೆ ನಾನು ವಾಚಮನ್. ಹಿಂದಕ್ಕ ಅನಗೋಳದ ಉದ್ದ ಕೂದಲಿನ ನಾಲ್ಕು ಮಂದಿ ಅಲ್ಲಿ ಹಾಡು ರೆಕಾರ್ಡ್ ಮಾಡಾಕ ಬಂದಿದ್ರು. ಬ್ಲ್ಯಾಕ್ ಮೆಟಲ್ ಅಂದ್ರು, ಚೀರಿಕೋತ ಹಾಡೂ ಪರದೇಶದ ಸಂಗೀತ ಅಂತ. ಒಬ್ಬ ಗಂಟಲು ಹರಿಯೂ ಹಂಗ ಚೀರಿದ. ಅವಗ ಗಾಳಿ ಬಡದೈತಿ ಅಂತ ತಿಳಿದ ನನ್ನ ಹೆಂಡತಿ ಓಡಿ ಹೋಗಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕ ಹಾಕಿದಳು. ಎಲ್ಲಾರೂ ಕೆಮ್ಮಿಕೋತ ಹೊರಗ ಬಂದ್ರು. ರೆಕಾರ್ಡಿಂಗ್ ಮಷಿನ್ ಚಾಲೂನ ಇತ್ತು.

ಆಕಿ ತೀರಿಕೊಂಡು ವರ್ಷ ದಾಟೈತಿ. ಮೊನ್ನೆ ಆ ಚೀರಿದಾವ ಬಂದ.

"ಕಾಕಾ, ಹಳೇ ರೆಕಾರ್ಡಿಂಗ್ ಮತ್ತ ಹೊರಗ ತರಾಕತ್ತೀವಿ. ಕಾಕೂನ ದನಿ ಐತಿ ಅದರಾಗ. ಇಡೂಣೋ, ತೆಗೆಯೂಣೋ? ನೀವ ಹೇಳ್ರಿ."

ಮೊಬೈಲ್ ನನ್ನ ಕಿವಿಗೆ ಹಿಡಿದ. ಗದ್ದಲದಾಗ ಆಕಿ ದೆವ್ವಕ್ಕ ಬೈಯಾಕತ್ತಿದ್ದಳು. "ಬಿಟ್ಟು ಹೋಗ್ತೀಯೋ ಇಲ್ಲೋ, ಭಾಡ್ಯಾ! ಇವನ ಅವ್ವ ಮನ್ಯಾಗ ದಾರಿ ಕಾಯಾಕತ್ತಾಳ!"

ನನ್ನ ಕಡೆ ಆಕಿ ಫೋಟೋ ಐತಿ. ದನಿ ಇರಲಿಲ್ಲ.

"ತೆಗೀಬ್ಯಾಡಪಾ," ಅಂದೆ. "ನನ್ನ ಮೊಬೈಲಿಗೂ ಹಾಕು."

ಹಾಕಿಕೊಟ್ಟು ನಕ್ಕ. "ಪರದೇಶದ ಮಂದಿ ಇದನ್ನ ಮಂತ್ರ ಅಂತ ತಿಳಿದು ಅಂಜತಾರ, ಕಾಕಾ."

ಅಂಜಲಿ ಬಿಡು. ನಾನೂ ಆ ದನಿಗೆ ಅಂಜಿಕೋತನ ಸಂಸಾರ ಮಾಡಿದವ.