ಮೆಲ್ಲನೆಯ ಹಾಡು, ಜೋರು ಮೈಕು

ಕಲಬುರಗಿಯಲ್ಲಿ ನಮ್ಮದೊಂದು ಜಾಜ್ ಬ್ಯಾಂಡ್ ಇದೆ. ಊದುವವರು, ಬಾರಿಸುವವರು ಸೇರಿ ಹದಿನೈದು ಜನ. ಕಮಲಾಪುರದ ಕಾರ್ಯಕ್ರಮಕ್ಕೆಂದು ನಾನು ಮೂರು ನಿಧಾನಗತಿಯ ಹಾಡುಗಳನ್ನು ಆರಿಸಿದ್ದೆ. ಮೋಮಿನಪುರದ ನಮ್ಮ ತಾಲೀಮು ಕೋಣೆಗೆ ಬಂದ ಸಂಘಟಕರು ಒಂದನ್ನು ಕೇಳಿಯೇ ಗಾಬರಿಯಾದರು.

“ಒಬ್ಬಾಂವ ಸ್ಯಾಕ್ಸೊಫೋನ್ ಊದಾಕತ್ತಾನ. ಉಳಿದೋರು ಯಾಕ ಸುಮ್ಮ ಕುಂತಾರ್ರಿ?”

“ಹಾಡು ಹಂಗ ಅದರೀ.”

“ಡ್ರಮ್ಮಿನಾಂವ ಬ್ರಷ್ ಹಿಡದು ಧೂಳ ಝಾಡಸಾಕತ್ತಾನಲ್ರಿ?”

ಅದೂ ಬಾರಿಸುವ ರೀತಿಯೇ ಎಂದೆ. ಅವರು ದೊಡ್ಡ ಮನಸ್ಸು ಮಾಡಿ ಒಂದೇ ಒಂದು ನಿಧಾನದ ಹಾಡಿಗೆ ಒಪ್ಪಿದರು. ನಾನು ಹಟಕ್ಕೆ ಬಿದ್ದು ಎಲ್ಲಕ್ಕಿಂತ ಮೆಲ್ಲನೆಯದನ್ನೇ ಉಳಿಸಿಕೊಂಡೆ.

ಕಮಲಾಪುರದಲ್ಲಿ ಜನ ಪಿಟ್ಟೆನ್ನದೆ ಕೇಳುತ್ತಿದ್ದರು. ಸ್ಯಾಕ್ಸೊಫೋನಿನ ದನಿ ಇನ್ನೇನು ಕರಗಬೇಕು, ಅಷ್ಟರಲ್ಲಿ ಸಂಘಟಕರು ಮೈಕು ಹಿಡಿದು ವೇದಿಕೆಗೆ ಧಾವಿಸಿದರು.

“ಸೌಂಡ್ ಸಿಸ್ಟಂ ತೊಂದ್ರಿ ಆಗ್ಯದ, ಮಾಫ್ ಮಾಡ್ರಿ!”

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಎದ್ದು ನಿಂತರು. “ಮೈಕ್ ಇಟ್ಟು ಕೆಳಗ ಇಳೀರಿ. ನಾವು ಕೇಳಾಕತ್ತೀವಿ.”

ಸಂಘಟಕರು ಮೈಕು ಇಟ್ಟು ಇಳಿದರು. ನಾವು ಹಾಡನ್ನು ಮೊದಲಿನಿಂದ ನುಡಿಸಿದೆವು.

ಊಟದ ಹೊತ್ತಿಗೆ ಸಂಘಟಕರು ನನ್ನ ಪಕ್ಕಕ್ಕೆ ಬಂದು ಗಂಭೀರವಾಗಿ, “ಮುಂದಿನ ಸಲ ಎಲ್ಲಾ ನಿಧಾನದವ ಇರ್ಲಿ. ಎದ್ದು ನಿಂತಿದ್ರಲ್ಲ, ಅವರು ನಮ್ಮ ಮನಿಯವ್ರು,” ಎಂದರು.

ಒಬ್ಬ ಮನುಷ್ಯನ ಸಂಗೀತಾಭಿರುಚಿ ಒಂದೇ ಸಂಜೆಯಲ್ಲಿ ಇಷ್ಟು ಬೆಳೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.