ನೆಮ್ಮದಿಯ ಗುಂಪಿನ ಇಲಿಗಳ ಭಯ

ಮಾನ್ಯ ಓದುಗರಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಕೋವಿಡ್ ನಿರ್ಬಂಧಗಳು ಪೂರ್ಣವಾಗಿ ತೆರವಾದ ವರ್ಷ ನಾನು ಮಂಗಳೂರಿನ ಅತ್ತಾವರದ ಒಂದು ಸಂಶೋಧನಾ ಕೇಂದ್ರದಲ್ಲಿ, ಪ್ರಯೋಗದ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸ್‌ನ ಪಶುವೈದ್ಯಾಧಿಕಾರಿಯಾಗಿದ್ದೆನು. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ ಲೋಪಗಳಿದ್ದಲ್ಲಿ ಮನ್ನಿಸಬೇಕು.

ಉಳ್ಳಾಲದ ಶಮೀನಾ ಎಂಬ ವಿದ್ಯಾರ್ಥಿನಿ ಅಲ್ಲಿ ಒತ್ತಡದ ಪರಿಣಾಮಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದರು. ಬಿಳಿ ಇಲಿಗಳ ಒಂದು ಗುಂಪನ್ನು ದಿನವೂ ಸ್ವಲ್ಪ ಹೊತ್ತು ಇಕ್ಕಟ್ಟಾದ ಕೊಳವೆಯಲ್ಲಿರಿಸುವುದು. ಇನ್ನೊಂದನ್ನು, ಅಂದರೆ ಕಂಟ್ರೋಲ್ ಗುಂಪನ್ನು, ನೆಮ್ಮದಿಯಾಗಿ ಬಿಡುವುದು. ಬಳಿಕ ಎರಡರಲ್ಲೂ ಕಾರ್ಟಿಕೋಸ್ಟೆರಾನ್ ಎಂಬ ಒತ್ತಡದ ಹಾರ್ಮೋನನ್ನು ಅಳೆಯುವುದು. ರಕ್ತಕ್ಕಾಗಿ ಹಿಡಿದರೆ ಆ ಹೆದರಿಕೆಗೇ ಹಾರ್ಮೋನು ಏರುವುದರಿಂದ, ಪಂಜರದಲ್ಲಿ ಬಿದ್ದ ಹಿಕ್ಕೆಗಳನ್ನು ಆರಿಸಿ ಅಳೆಯುವ ಕ್ರಮವನ್ನು ಅನುಸರಿಸಲಾಗಿತ್ತು.

ಫಲಿತಾಂಶ ಬಂದಾಗ ಎರಡೂ ಗುಂಪುಗಳ ಮಟ್ಟ ಒಂದೇ ಸಮನಾಗಿ ಮೇಲಿತ್ತು. ಪುನಃ ಅಳೆದರೂ ಅದೇ. ಗೈಡ್ ಆಗಿದ್ದ ಮೇಡಂ, "ಇವನ್ನು ಮುಗಿಸಿ ಹೊಸ ಇಲಿ ತರಿಸುವುದೇ ದಾರಿ," ಎಂದರು. ಹೊಸ ಇಲಿಗಳಿಗೆ ಪ್ರಾಣಿಪ್ರಯೋಗಗಳ ನೈತಿಕತಾ ಸಮಿತಿಯ ಅನುಮತಿ ದೊರೆಯುವಷ್ಟರಲ್ಲಿ ಶಮೀನಾರ ಫೆಲೋಶಿಪ್ ಅವಧಿಯೇ ಮುಗಿಯುತ್ತಿತ್ತು.

"ಸರ್, ಈ ಕಂಟ್ರೋಲ್ ಇಲಿಗಳಿಗೆ ನಾನು ಎಂತ ಮಾಡಿದ್ದೇನೆ? ಒಂದು ದಿನ ಗಟ್ಟಿ ಮಾತಾಡಿದ್ದೂ ಇಲ್ಲ," ಎಂದು ಆಕೆ ಪಂಜರಗಳ ಮುಂದೆಯೇ ಅತ್ತರು.

ವಿಲೇವಾರಿಗೆ ಒಂದು ವಾರದ ಕಾಲಾವಕಾಶ ಕೋರಿ, ನಾನು ಆ ಕೋಣೆಯಲ್ಲಿ ಕುಳಿತು ಗಮನಿಸಿದೆನು. ನಾನೊಬ್ಬನೇ ಇದ್ದಾಗ ಇಲಿಗಳು ಓಡಾಡುತ್ತಿದ್ದವು, ತಿನ್ನುತ್ತಿದ್ದವು. ಶಮೀನಾ ಬಾಗಿಲು ದಾಟಿದೊಡನೆ, ಪಂಜರ ಮುಟ್ಟುವ ಮೊದಲೇ, ಎಲ್ಲವೂ ಕಲ್ಲಿನಂತಾದವು. ಕಣ್ಣಿಗಿಂತ ಮೂಗನ್ನೇ ನಂಬುವ ಪ್ರಾಣಿಗಳು ಅವು. ಆದುದರಿಂದ ಆಕೆಯ ಬಿಳಿ ಕೋಟನ್ನು ಪರಿಶೀಲಿಸಲಾಗಿ, ತೋಳಿನಲ್ಲಿ ಕಂದು ಕೂದಲುಗಳು ಕಂಡುಬಂದವು.

"ಇದೆಂತ?" ಎಂದೆನು.

"ಬೆಕ್ಕಿನದ್ದು ಸರ್. ಮೀನು ತರುವ ಮನೆ ಅಲ್ವಾ, ಮೂರು ಉಂಟು. ಇಲ್ಲಿನ ಲಾಂಡ್ರಿಯಲ್ಲಿ ಸರಿ ಒಗೆಯುವುದಿಲ್ಲ ಅಂತ ಕೋಟು ಮನೆಗೇ ಒಯ್ತೇನೆ. ಒಗೆದು ಮಡಚಿಟ್ಟರೆ ಅದರ ಮೇಲೆಯೇ ಮಲಗ್ತವೆ."

ವಿಷಯ ತಿಳಿದ ಮೇಡಂ ಮೊದಲು ಸಿಟ್ಟಾದರು, ಅನಂತರ ನಕ್ಕುಬಿಟ್ಟರು. "ಅಲ್ಲ ಮಾರಾಯ್ತಿ, ಬೆಕ್ಕನ್ನೇ ಹೊದ್ದುಕೊಂಡು ಬಂದು ಇಲಿಗಳಿಗೆ ಆರಾಮ ಇರಿ ಅಂದ್ರೆ ಹೇಗೆ?"

ಅಂದಿನಿಂದ ಶಮೀನಾ ಕೇಂದ್ರದಲ್ಲಿಯೇ ಸ್ನಾನ ಮಾಡಿ, ಅಲ್ಲಿಯೇ ಒಗೆದ ಕೋಟು ತೊಟ್ಟರು. ಅದೇ ಇಲಿಗಳಿಗೆ ಕೆಲಕಾಲ ವಿಶ್ರಾಂತಿ ನೀಡಿ ಪ್ರಯೋಗವನ್ನು ಮತ್ತೆ ಆರಂಭಿಸಲಾಯಿತು. ಕಂಟ್ರೋಲ್ ಗುಂಪಿನ ಮಟ್ಟ ಇಳಿಯಿತು. ಕೊಳವೆಯ ಗುಂಪಿನದು ಮೇಲೆಯೇ ಉಳಿಯಿತು. ಹಿಂದಿನ ಅಳತೆಗಳನ್ನೂ ಕಾರಣಸಮೇತ ಸೇರಿಸಿ, ಅವಧಿ ಮುಗಿಯುವ ಮುನ್ನ ಪ್ರಬಂಧವನ್ನು ಸಲ್ಲಿಸಲಾಯಿತು.

ಆ ಹೊಸ ಅಂಕಿಗಳು ಕೈಸೇರಿದ ದಿನ ಶಮೀನಾ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ನೇರವಾಗಿ ಇಲಿಗಳ ಕೋಣೆಗೆ ಹೋದರು. ಒಂದು ಇಲಿ ಆಕೆಯ ಅಂಗೈಯೇರಿ ಕುಳಿತು ಮುಖ ತೊಳೆದುಕೊಳ್ಳತೊಡಗಿತು.

ಈ ಪ್ರಕರಣದಿಂದ ನಾನು ತಿಳಿದುದಿಷ್ಟು: ಅಂಕಿ ತಾಳೆಯಾಗದಿದ್ದಲ್ಲಿ, ಪ್ರಾಣಿಯನ್ನು ಬದಲಾಯಿಸುವ ಮೊದಲು ಅದು ಯಾವುದಕ್ಕೆ ಹೆದರುತ್ತಿದೆ ಎಂದು ವಿಚಾರಿಸತಕ್ಕದ್ದು. ಶಮೀನಾರ ಅಕ್ಕರೆ ಸುಳ್ಳಾಗಿರಲಿಲ್ಲ. ಇಲಿಗಳ ಭಯವೂ ಸುಳ್ಳಾಗಿರಲಿಲ್ಲ.