ಏಳು ಮುಖ ಹೋದವು, ಆರು ಬಂದವು

ಚಾಮರಾಜನಗರದಿಂದ ಗುಂಡ್ಲುಪೇಟೆಯ ಬಸ್ಸು ಒಂಬತ್ತೂಕಾಲಿಗೆ ಹೊರಟಿತು. ನಾನು, ನನ್ನ ಸೋದರತ್ತೆ ಪುಟ್ಟತಾಯಮ್ಮ, ನಮ್ಮ ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಏಳು ಮುಖವಾಡ. ಹೆಂಗಸರಾದ್ದರಿಂದ ನಮಗಿಬ್ಬರಿಗೂ ಟಿಕೆಟ್ಟಿನ ದುಡ್ಡಿಲ್ಲ. ಪೆಟ್ಟಿಗೆಗೆ ಮಾತ್ರ ಕಂಡಕ್ಟರ್ ಲಗೇಜು ಚೀಟಿ ಹರಿಯಲು ಬಂದ.

"ಇದರೊಳಗೆ ನಾಲ್ಕು ಹೆಣ್ಣು ಮುಖ ಇವೆ. ಅವಕ್ಕೂ ಫ್ರೀ ಆಗಬೇಕಲ್ಲ?" ಎಂದು ವಾದ ಹೂಡಿದೆ.

"ಅವ್ರ ಆಧಾರ್ ಕಾರ್ಡ್ ತೋರ್ಸವ್ವ, ಈಗ್ಲೇ ಕೊಟ್ಬುಡ್ತೀನಿ," ಎಂದ.

ಅರ್ಧ ಬಸ್ಸು ನಕ್ಕಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ಕಪ್ ಗೆದ್ದ ನಾನು ಇಪ್ಪತ್ತು ರೂಪಾಯಿ ಕೊಟ್ಟು ಕುಳಿತೆ.

ಅತ್ತೆಯ ಊರು ಹರವೆ. ಹಳೇ ಪೇಪರು ನೆನೆಹಾಕಿ, ರುಬ್ಬಿ, ಹುಣಸೆಬೀಜದ ಅಂಟು ಕಲಸಿ, ಮಣ್ಣಿನ ಅಚ್ಚಿನ ಮೇಲೆ ಮೆತ್ತಿ ಮುಖ ಮಾಡುತ್ತಾಳೆ. ಮೊದಲೆಲ್ಲ ಊರೂರಿನ ನಾಟಕದವರು ಬಂದು ಒಯ್ಯುತ್ತಿದ್ದರು. ಈಗ ಅವರೂ ಪ್ಲಾಸ್ಟಿಕ್ಕಿಗೆ ಹೋಗಿಬಿಟ್ಟಿದ್ದಾರೆ. ಎರಡು ವರ್ಷದಿಂದ ಅಚ್ಚುಗಳು ಅಟ್ಟದ ಮೇಲಿದ್ದವು. ಹೀಗಿರುವಾಗ ಮೈಸೂರಿನ ಅಂಗಡಿಯೊಂದರ ಯಜಮಾನಿ ತನ್ನ ಅಂಗಡಿಯ ಒಂದಿಡೀ ಗೋಡೆಗೆ ಮುಖವಾಡ ಬೇಕೆಂದು ಫೋಟೋ ಕೇಳಿದ್ದಳು. ಅತ್ತೆ ಅಡುಗೆಮನೆಯಲ್ಲೇ ತೆಗೆದು ಕಳಿಸಿದಳು. ಉತ್ತರ ಬಂತು: "ಮುಖಗಳು ಚೆನ್ನಾಗಿವೆ. ಹಿಂದೆ ಇರೋ ಗ್ಯಾಸ್ ಸಿಲಿಂಡರೂ ಮಾರಾಟಕ್ಕಿದೆಯಾ?" ಇವತ್ತು ಸಂಜೆ ಐದರೊಳಗೆ ಒಳ್ಳೆಯ ಫೋಟೋ ಹೋಗದಿದ್ದರೆ ಆ ಗೋಡೆ ಇನ್ಯಾರದೋ ಪಾಲು. ಅದಕ್ಕೇ ಒಳ್ಳೆಯ ಹಿನ್ನೆಲೆ ಹುಡುಕಲು ಅತ್ತೆಯನ್ನು ಹೊರಡಿಸಿದ್ದೆ.

"ಹಿನ್ನೆಲೆ ಅನ್ನೋದು ವಸ್ತುವಿನ ಕಥೆ ಹೇಳಬೇಕು ಅತ್ತೆ," ಎಂದೆ.

"ಕಥೆ ಯಾರ್ ಕೇಳುದ್ರು? ಸಿಲಿಂಡರ್ ಬ್ಯಾಡ ಅಂದ್ರು, ಅಷ್ಟೇಯ," ಎಂದಳು ಅತ್ತೆ. ನಾನು ಆ ಮಾತನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ತೆರಕಣಾಂಬಿಯಲ್ಲಿ ಇಳಿದು ಇಡ್ಲಿ ತಿಂದೆವು. ಮೋಡ ಕವಿದಿತ್ತು, ಗಾಳಿ ತಣ್ಣಗಿತ್ತು, ಫೋಟೋಕ್ಕೆ ಹೇಳಿ ಮಾಡಿಸಿದ ಬೆಳಕು. ಹಳೆಯ ಕಲ್ಲುಮಂಟಪದ ಕೆತ್ತನೆ ಕಂಬಕ್ಕೆ ಹುಲಿಮುಖವನ್ನು ಒರಗಿಸಿ ಹನ್ನೆರಡು ಫೋಟೋ ತೆಗೆದೆ. ಮಂಟಪದಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಮುದುಕರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಕಂಬ ಚೆಂದಾಗ್ ಬಂದದೆ. ಹುಲಿ ಎಲ್ಲವ್ವ?"

ಕಂಬದ ಮೇಲೇ ಹನ್ನೊಂದು ಮುಖಗಳಿದ್ದವು. ಅತ್ತೆಯ ಹುಲಿ ಹನ್ನೆರಡನೆಯದಾಗಿ ಅಡಗಿ ಕುಳಿತಿತ್ತು.

ಮುಂದಿನ ಬಸ್ಸು ಹತ್ತಿದೆವು. ಗುಂಡ್ಲುಪೇಟೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ರಸ್ತೆಯ ಎಡಕ್ಕೆ ಚೆಂಡುಹೂವಿನ ಹೊಲ ಕಂಡಿತು. ನಿಲ್ಲಿಸಿ ಎಂದು ಕೂಗಿ ಇಳಿದೆ. ಅತ್ತೆ ಬೈಯುತ್ತ ಹಿಂದೆಯೇ ಇಳಿದಳು. ಹೊಲದ ಬಾಯಲ್ಲಿ, ಒಳಗೆ ಬಂದರೆ ತಲೆಗೆ ಇಪ್ಪತ್ತು ರೂಪಾಯಿ ಎಂದು ಕನ್ನಡ, ಮಲಯಾಳಂ ಎರಡರಲ್ಲೂ ಬರೆದ ಹಲಗೆ. ವಸೂಲಿಗೆ ಯಾರೂ ಇರಲಿಲ್ಲ. ಹೂವಿನ ನಡುವೆ ಒಂದು ಗಳ, ಅದರ ತುದಿಯಲ್ಲಿ ಸುಣ್ಣದ ಬೊಟ್ಟಿಟ್ಟ ಕರೀ ಮಡಕೆ. ಚೌಕಟ್ಟಿಗೆ ಅದೊಂದೇ ಅಪಶಕುನ. ಮಡಕೆಯನ್ನು ಇಳಿಸಿ ನೆಲಕ್ಕಿಟ್ಟು ಅದರ ಜಾಗದಲ್ಲಿ, ಅತ್ತೆ ಹನ್ನೊಂದು ದಿನ ಕೂತು ಮಾಡಿದ್ದ ಗುಡ್ಡೆಗಣ್ಣಿನ ಕೆಂಪು ಮುಖವನ್ನು ಕಟ್ಟಿದೆ. ಹಳದಿಯ ನಡುವೆ ಕೆಂಪು ಉರಿಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಕೇರಳದ ಎರಡು ಕಾರು ನಿಧಾನ ಮಾಡಿ ನೋಡಿದವು. ನನ್ನ ಸಿದ್ಧಾಂತ ಗೆದ್ದಿತ್ತು.

ಫೋಟೋ ತೆಗೆದು ಗಂಟು ಬಿಚ್ಚಲು ಕೈ ಹಾಕಿದ್ದೇ ತಡ, ಹಿಂದಿನಿಂದ ಧ್ವನಿ ಬಂತು: "ಮುಟ್ಬ್ಯಾಡ ಕೂಸು!"

ಹೊಲದ ಯಜಮಾನ ಶಿವಮಲ್ಲಪ್ಪ, ಕೊಡೆ ಊರಿಕೊಂಡು ಓಡಿ ಬರುತ್ತಿದ್ದರು. "ಮಡ್ಕೆ ಇಳ್ಸಿದ್ಯಾರು?"

"ನಾನೇ. ಮತ್ತೆ ಏರಿಸಿಬಿಡ್ತೀನಿ."

"ಇಳ್ಸಿದ್ ಮಡ್ಕೆ ಮತ್ತೆ ಏರ್ಸಂಗಿಲ್ಲ. ದಿನಾ ಇನ್ನೂರ್ ಕಣ್ಣು ಬೀಳ್ತವೆ ಈ ಹೂವ್ಗೆ. ಅದ್ನೆಲ್ಲ ಅದು ಉಂಡದೆ. ಈಗ ನಿನ್ ಕೆಂಪಪ್ಪ ಏರ್ಕೊಂಡವನೆ, ಕಾರ್ನೋರ ಕಣ್ಣು ಅವನ್ಗೂ ಬಿದ್ದದೆ. ಇನ್ನವ್ನು ಇಲ್ಲಿಯೋನೇಯ."

ಬಿಗಿಯಲು ಸೆರಗಿಲ್ಲದ ನಾನು ದುಪಟ್ಟಾ ಬಿಗಿದೆ. ದೃಷ್ಟಿ ಎಂಬುದಕ್ಕೆ ಪುರಾವೆ ಏನು, ಮಡಕೆ ಇದ್ದ ವರ್ಷ ಹುಳ ಬೀಳಲಿಲ್ಲವೇ, ಮಡಕೆ ಇಲ್ಲದ ಪಕ್ಕದ ಹೊಲದಲ್ಲೂ ಹೂ ಹೀಗೇ ಇದೆಯಲ್ಲ ಎಂದು ಒಂದೊಂದಾಗಿ ಕೇಳಿದೆ. ಅವರು ಕೊಡೆಯ ಹಿಡಿಗೆ ಗಲ್ಲವಿಟ್ಟು ಪೂರ್ತಿ ಕೇಳಿಸಿಕೊಂಡರು.

"ಆಯ್ತು ಕೂಸು. ನೀನು ನಂಬಂಗಿಲ್ಲ, ಅಲ್ವಾ?"

"ಖಂಡಿತ ಇಲ್ಲ."

"ಅಂಗಾರೆ ಇದ್ನ ಕಿತ್ರೂ ನಿನ್ ಲೆಕ್ಕದಲ್ಲಿ ಏನೂ ಆಗಕ್ಕಿಲ್ಲ, ಬುಟ್ರೂ ಏನೂ ಆಗಕ್ಕಿಲ್ಲ. ನಿದ್ದೆ ಕೆಡೋದು ನಂದು. ಮತ್ತೆ ಯಾರ್ ಮಾತು ನಡೀಬೇಕು?"

ಮೂರು ಕಪ್‌ಗಳ ಅನುಭವವನ್ನೆಲ್ಲ ತಡಕಾಡಿದೆ. ಅಷ್ಟರಲ್ಲಿ ಅತ್ತೆ ಗಳದ ಬಳಿ ಹೋಗಿ ನನ್ನ ಸಡಿಲ ಗಂಟನ್ನು ಬಿಚ್ಚಿ, ಇನ್ನೊಂದು ಬಿಗಿಯಾಗಿ ಹಾಕುತ್ತಿದ್ದಳು.

"ಅತ್ತೆ! ಹನ್ನೊಂದು ದಿನದ ಕೆಲಸ!"

"ಸುಮ್ನಿರಮ್ಮಿ. ಎಲ್ಡ್ ವರ್ಷದ್ ಮೇಲೆ ಒಬ್ರು ಫೋಟೋ ಕೇಳ್ದೆ ನನ್ ಮುಖ ಬೇಕು ಅಂದವ್ರೆ," ಎಂದಳು. ಶಿವಮಲ್ಲಪ್ಪನವರಿಗೆ, "ಪೇಪರಿಂದು ಕಣಣ್ಣ, ಮಳೇಲಿ ನೆನ್ಸಬ್ಯಾಡಿ," ಎಂದು ತಾಕೀತೂ ಮಾಡಿದಳು.

ಖುಷಿಯಾದ ಅವರು ನಮ್ಮನ್ನು ಮೋಟಾರು ಮನೆಯ ನೆರಳಿಗೆ ಕರೆದೊಯ್ದು ಮಜ್ಜಿಗೆ ಕೊಟ್ಟರು. ಅದರ ಗೋಡೆಗೆ ಬಣ್ಣವಿಲ್ಲ, ಬರೀ ಸಿಮೆಂಟಿನ ಬೂದು. ಅತ್ತೆ ಹುಲಿಮುಖವನ್ನು ಸುಮ್ಮನೆ ಆ ಗೋಡೆಯ ಮೊಳೆಗೆ ನೇತುಹಾಕಿದಳು. ಹುಲಿ ಗೋಡೆಯಿಂದ ಆಚೆ ಹಾರುವಂತೆ ಕಂಡಿತು. ಕಾಲು ಗಂಟೆಯಲ್ಲಿ ಆರೂ ಮುಖಗಳ ಫೋಟೋ ಮುಗಿಯಿತು.

"ನಮ್ ಅಡ್ಗೆಮನೆ ಗೋಡೇನೂ ಇದೇ ಬಣ್ಣ ಅಲ್ವೇನಮ್ಮಿ?" ಎಂದಳು ಅತ್ತೆ, ಮಜ್ಜಿಗೆ ಕುಡಿಯುತ್ತ. "ಸಿಲಿಂಡರ್ ಆಚೆಗಿಟ್ಟಿದ್ರೆ ಆಯ್ತಿತ್ತು."

ಗುಂಡ್ಲುಪೇಟೆ ತಲುಪಿ ಊಟ ಮಾಡಿ, ನಾಲ್ಕೂವರೆಗೆ ನಿಲ್ದಾಣದಲ್ಲಿ ನಿಂತು ಫೋಟೋಗಳನ್ನು ಕಳಿಸಿದೆ. ಸೋಲಲು ಮನಸ್ಸಾಗದೆ ಹೂವಿನ ನಡುವಿನ ಕೆಂಪು ಮುಖವನ್ನೂ ಸೇರಿಸಿದೆ. ವಾಪಸ್ ಬಸ್ಸು ಹೊರಟಾಗ ಉತ್ತರ ಬಂತು. ಆರೂ ಬೇಕು, ಆದರೆ ಗೋಡೆಯ ನಡುವಿಗೆ ಆ ಕೆಂಪು ಮುಖವೇ ಆಗಬೇಕು.

"ಹೊಲ ಬಂದಾಗ ಇಳಿದು ತರ್ಲಾ?"

"ಅವನ್ಗೆ ಕೆಲ್ಸ ಸಿಕ್ಬುಟ್ಟೈತೆ. ಅಚ್ಚು ಮನೇಲೈತಲ್ಲ, ಇನ್ನೊಂದ್ ಮಾಡನ ಬುಡು."

ಹೊಲ ಬಂತು. ಕೆಂಪು ಮುಖದ ಮೇಲೆ ಆಗಲೇ ಪ್ಲಾಸ್ಟಿಕ್ ಕವರು ಏರಿತ್ತು. ಕೇರಳದ ಕುಟುಂಬವೊಂದು ಹೂವಿಗೆ ಬೆನ್ನು ತಿರುಗಿಸಿ ಅದರ ಜೊತೆ ಸೆಲ್ಫಿ ತೆಗೆಯುತ್ತಿತ್ತು. ಶಿವಮಲ್ಲಪ್ಪ ತಲೆಗೆ ಇಪ್ಪತ್ತರ ವಸೂಲಿಗೆ ಕೈ ಚಾಚಿ ನಿಂತಿದ್ದರು. ಅತ್ತೆ ನನ್ನ ತೊಡೆಯ ಮೇಲೆ ಬಾಗಿ, ಹೊಲ ಮರೆಯಾಗುವವರೆಗೂ ಕಿಟಕಿಯಲ್ಲಿ ಕಣ್ಣು ನೆಟ್ಟಿದ್ದಳು.

"ಅವನ್ ಎಡಗಿವಿ ವಸಿ ಸೊಟ್ಟ ಮಾಡ್ಬುಟ್ಟಿವ್ನಿ ಕಣಮ್ಮಿ," ಎಂದಳು. "ಮನೇಲಿ ಗೊತ್ತೇ ಆಗ್ನಿಲ್ಲ ನೋಡು."